ಓ-ಯು-ಜಿ-ಎಚ್ ಇರುವ ಇಂಗ್ಲಿಷ್ ಪದಗಳು: ಕಲಿಯುವ, ಕಲಿಸುವ ಕ್ರಮ

ಓ, ಯು, ಜಿ, ಎಚ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಪಕ್ಕಪಕ್ಕ ಬರೆದು, ಎಡಕ್ಕೆ ಬೇರೆ ಬೇರೆ ಅಕ್ಷರ ಇಟ್ಟು ನೋಡಿ. ಟಿ ಇಟ್ಟರೆ ಟಫ್, ಅಂದರೆ ಗಟ್ಟಿ, ಕಠಿಣ. ಆರ್ ಇಟ್ಟರೆ ರಫ್, ಒರಟು. ಇಲ್ಲಿಯವರೆಗೆ ಎಲ್ಲವೂ ಸರಿ. ಸಿ ಇಟ್ಟರೆ ಕಾಫ್ (ಕೆಮ್ಮು), ಡಿ ಇಟ್ಟರೆ ಡೋ (ಕಲಸಿದ ಹಿಟ್ಟು), ಬಿ ಇಟ್ಟರೆ ಬೌ (ಮರದ ದೊಡ್ಡ ಕೊಂಬೆ). ಬದಲಾದದ್ದು ಮೊದಲ ವ್ಯಂಜನ ಒಂದೇ. ಆದರೂ ಹಿಂದಿನ ನಾಲ್ಕಕ್ಷರದ ಉಚ್ಚಾರ ಆಗಲೇ ನಾಲ್ಕು ಬಗೆಯಾಯಿತು.

ಬರೆದದ್ದನ್ನೇ ಓದುವ ಕನ್ನಡದ ಅಭ್ಯಾಸ ಇರುವವರು ಇಲ್ಲಿ ಎಡವುವುದು ಸಹಜ, ಅದು ದಡ್ಡತನವಲ್ಲ. ಇದಕ್ಕೆ ಬಾಯಿಪಾಠ ಬಿಟ್ಟರೆ ಗತಿಯಿಲ್ಲ ಎನ್ನುವ ಮಾತೂ ಪೂರ್ತಿ ನಿಜವಲ್ಲ. ದಿನಬಳಕೆಗೆ ಬೇಕಾದ ಮೂಲ ಪದಗಳು ಇಪ್ಪತ್ತರ ಆಸುಪಾಸು ಇವೆ. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೆ ಗಟ್ಟಿ ನಿಯಮವೇ ಇದೆ. ಉಳಿದವನ್ನು ಯಾವ ಕ್ರಮದಲ್ಲಿ ಕಲಿಯುತ್ತೀರಿ ಎಂಬುದರ ಮೇಲೆ ಸಲೀಸೋ ಗೋಜಲೋ ನಿರ್ಧಾರವಾಗುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗನ್ನು ಇಲ್ಲಿ ಅಕ್ಷರಗಳ ಹೆಸರಿನಿಂದಲೇ ಕೊಟ್ಟಿದೆ. ಓ-ಯು-ಜಿ-ಎಚ್ ನಾಲ್ಕನ್ನೂ ಸೇರಿಸಿ 'ಗುಂಪು' ಎಂದು ಕರೆದಿದೆ. ಪೆನ್ನು, ಹಾಳೆ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತ ಓದಿ.

ಮೊದಲು ನೋಡಬೇಕಾದದ್ದು ಗುಂಪಿನ ಬಲಗಡೆ

ಎಲ್ಲರೂ ಪದವನ್ನು ಎಡದಿಂದ ಓದಲು ಹೊರಡುತ್ತಾರೆ. ಈ ಪದಗಳಲ್ಲಿ ಮೊದಲು ಬಲಕ್ಕೆ ನೋಡಬೇಕು. ಗುಂಪಿನ ಬೆನ್ನಿಗೇ ಟಿ ಇದೆಯೇ? ಇದ್ದರೆ ಉಚ್ಚಾರ 'ಆಟ್'. ಈ 'ಆ' ನಮ್ಮ ಆಟ, ಆಡು ಪದಗಳ ಅಗಲವಾದ ಆ ಅಲ್ಲ. ಚೆಂಡಿಗೆ ಬಾಲ್ ಎನ್ನುವಾಗ ತುಟಿ ದುಂಡಗಾಗುತ್ತದಲ್ಲ, ಆ ಸ್ವರ.

ಬಾಟ್ (ಕೊಂಡರು), ಬ್ರಾಟ್ (ತಂದರು), ಥಾಟ್ (ಯೋಚಿಸಿದರು, ಯೋಚನೆ), ಫಾಟ್ (ಹೋರಾಡಿದರು), ಸಾಟ್ (ಅರಸಿದರು), ಆಟ್ (ಮಾಡತಕ್ಕದ್ದು ಎಂಬ ಅರ್ಥದ್ದು). ಈ ಆರು ಮುಖ್ಯ. ಸೊನ್ನೆ ಎಂಬ ಅರ್ಥದ ನಾಟ್, ಗೇಟು ಗ್ರಿಲ್ಲುಗಳ ಮಾತಿನಲ್ಲಿ ಬರುವ ರಾಟ್ ಐರನ್‌ನ ರಾಟ್ ಆಮೇಲೆ ಸೇರಲಿ. ರಾಟ್‌ನ ಸ್ಪೆಲ್ಲಿಂಗ್ ಡಬ್ಲ್ಯೂ-ಆರ್‌ನಿಂದ ಶುರುವಾಗುತ್ತದೆ, ಡಬ್ಲ್ಯೂ ಬಾಯಿಗೆ ಬರುವುದಿಲ್ಲ.

ನಿಯಮ ಮೀರುವ ಪದಗಳಲ್ಲಿ ಬಳಕೆಯದು ಒಂದೇ: ಬರಗಾಲಕ್ಕೆ ಹೇಳುವ ಡ್ರೌಟ್. ಇದನ್ನು ಡ್ರಾಟ್ ಎನ್ನುವುದು ತುಂಬ ಸಾಮಾನ್ಯ, ಮೇಲಿನ ಆರು ಪದ ಕಲಿತವರ ಬಾಯಲ್ಲಿ ಅದು ತಾನಾಗಿ ಬರುತ್ತದೆ. ಹಾಗಾಗಿ ಆರು ಪದ ಕಲಿಸಿದ ದಿನವೇ ಡ್ರೌಟ್ ಕಲಿಸಬೇಡಿ, ನಿಯಮ ಕುದುರಲಿ. ಕೆಚ್ಚೆದೆಯ ಎಂಬ ಅರ್ಥದ ಡೌಟಿ ಇನ್ನೊಂದು ಅಪವಾದ, ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ.

ಬಾಟ್ ಮತ್ತು ಬ್ರಾಟ್ ಅದಲುಬದಲು ಆಗುವುದು ಈ ಭಾಗದ ದೊಡ್ಡ ತಾಪತ್ರಯ. ಪರೀಕ್ಷೆಯಲ್ಲಿ 'ಪುಸ್ತಕ ತಂದೆ' ಎನ್ನಲು ಹೋಗಿ 'ಪುಸ್ತಕ ಕೊಂಡೆ' ಎಂದು ಬರೆದು ಬರುತ್ತಾರೆ. ಮೂಲ ಕ್ರಿಯಾಪದವನ್ನು ಪಕ್ಕದಲ್ಲಿ ಬರೆಸಿದರೆ ಇದು ಬಗೆಹರಿಯುತ್ತದೆ. ಬೈ ಪದದಲ್ಲಿ ಆರ್ ಇಲ್ಲ, ಬಾಟ್‌ನಲ್ಲೂ ಇಲ್ಲ. ಬ್ರಿಂಗ್‌ನಲ್ಲಿ ಇದೆ, ಬ್ರಾಟ್‌ನಲ್ಲೂ ಇದೆ. ಥಿಂಕ್, ಫೈಟ್, ಸೀಕ್ ಎಲ್ಲದರಲ್ಲೂ ಹೀಗೆಯೇ: ಶುರುವಿನ ವ್ಯಂಜನಗಳು ಭೂತಕಾಲಕ್ಕೂ ಹಾಗೆಯೇ ಬರುತ್ತವೆ.

ಕಾಟ್ (ಹಿಡಿದರು), ಟಾಟ್ (ಕಲಿಸಿದರು) ಇವೆರಡೂ ಕಿವಿಗೆ ಇದೇ ಸಾಲಿನವು. ಆದರೆ ಸ್ಪೆಲ್ಲಿಂಗಿನಲ್ಲಿ ಓ ಜಾಗದಲ್ಲಿ ಎ ಇದೆ. ಎಲ್ಲಿ ಓ, ಎಲ್ಲಿ ಎ? ಮತ್ತೆ ಮೂಲ ಪದ ನೋಡಿ. ಕ್ಯಾಚ್, ಟೀಚ್ ಎರಡರ ಸ್ಪೆಲ್ಲಿಂಗಿನಲ್ಲೂ ಎ ಇದೆ, ಆದ್ದರಿಂದ ಭೂತಕಾಲದಲ್ಲೂ ಎ. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್ ಯಾವುದರಲ್ಲೂ ಎ ಇಲ್ಲ, ಆದ್ದರಿಂದ ಓ. ಶಾಲೆಯಲ್ಲಿ ಬರುವ ಏಳೂ ಕ್ರಿಯಾಪದಗಳಿಗೆ ಇದು ತಪ್ಪದೆ ಹೊಂದುತ್ತದೆ. ಇಷ್ಟು ಒಳ್ಳೆಯ ಗುರುತನ್ನು ತರಗತಿಯಲ್ಲಿ ಹೇಳದೆ ಬಿಡುವುದು ನಿಜಕ್ಕೂ ನಷ್ಟ.

ಬರೆಯುವಾಗ ಕೊನೆಯ ಟಿ ಮತ್ತು ಎಚ್ ಜಾಗ ಬದಲಿಸಿಕೊಳ್ಳುವುದು ಇನ್ನೊಂದು ತಪ್ಪು. ಜಿ-ಎಚ್-ಟಿ ಇರಬೇಕಾದಲ್ಲಿ ಜಿ-ಟಿ-ಎಚ್ ಬೀಳುತ್ತದೆ. ಇಂಗ್ಲಿಷ್‌ನಲ್ಲಿ ಟಿ-ಎಚ್ ಜೋಡಿ ಎಷ್ಟು ಸಲ ಬರುತ್ತದೆಂದರೆ ಕೈಗೆ ಅದೇ ರೂಢಿಯಾಗಿರುತ್ತದೆ, ಲೆಂಗ್ತ್, ಸ್ಟ್ರೆಂಗ್ತ್ ಪದಗಳಲ್ಲಂತೂ ಜಿ-ಟಿ-ಎಚ್ ಇದ್ದೇ ಇದೆ. ಕೊನೆಗೆ ಬರಿಯ 'ಟ್' ಕೇಳಿಸಿದರೆ ಟಿ ಕಟ್ಟಕಡೆಗೆ ಎಂದು ಹೇಳಿಕೊಡಿ. ಲೈಟ್, ನೈಟ್, ರೈಟ್ ಮಕ್ಕಳಿಗೆ ಮೊದಲೇ ಗೊತ್ತಿರುತ್ತವೆ. ಅವುಗಳ ಕೊನೆಯೂ ಜಿ-ಎಚ್-ಟಿ. ಅದನ್ನು ತೋರಿಸಿ ಇದನ್ನು ಬರೆಸಿ.

ಟಿ ಇಲ್ಲದ ಪದಗಳು

ಇಲ್ಲಿ ನಿಯಮ ಸಿಗುವುದಿಲ್ಲ, ಹುಡುಕಿ ಸಮಯ ಕಳೆಯಬೇಡಿ. ಉಚ್ಚಾರದ ಪ್ರಕಾರ ಗುಡ್ಡೆ ಹಾಕಿಕೊಳ್ಳುವುದೇ ಉಪಾಯ.

'ಅಫ್' ಎನ್ನುವವು: ಇನಫ್ (ಸಾಕು), ರಫ್, ಟಫ್.
'ಆಫ್' ಎನ್ನುವವು: ಕಾಫ್, ಟ್ರಾಫ್.
'ಓ' ಎನ್ನುವವು: ದೋ (ಆದರೂ), ಆಲ್‌ದೋ (ಹಾಗಿದ್ದರೂ), ಡೋ.
'ಊ' ಎನ್ನುವುದು: ಥ್ರೂ (ಮೂಲಕ) ಒಂದೇ.
'ಔ' ಎನ್ನುವವು: ಪ್ಲೌ (ನೇಗಿಲು, ಉಳು), ಬೌ.
ಕೊನೆಗೆ ಸಡಿಲವಾದ 'ಅ' ಅಥವಾ 'ಓ' ಬರುವವು: ಥರೋ (ಕೂಲಂಕಷ), ಬರೋ (ಊರಾಡಳಿತದ ಒಂದು ವಿಭಾಗ). ಬ್ರಿಟಿಷರು ಇವನ್ನು ಥರ, ಬರ ಎಂದು ಮೊಟಕಾಗಿ ಹೇಳುತ್ತಾರೆ, ಅಮೆರಿಕದವರು ಕೊನೆಗೆ ಸ್ಪಷ್ಟವಾಗಿ ಓ ಎಳೆಯುತ್ತಾರೆ. ಮ್ಯಾನ್‌ಹಟನ್, ಬ್ರೂಕ್ಲಿನ್ ಸೇರಿ ನ್ಯೂಯಾರ್ಕ್ ನಗರಕ್ಕೆ ಐದು ಬರೋಗಳಿವೆ.

ಈ ಪಟ್ಟಿಯಲ್ಲಿ ಕನ್ನಡಿಗರ ಬಾಯಲ್ಲಿ ಹೆಚ್ಚು ಕೆಡುವುದು ಕಾಫ್. ಔಷಧದಂಗಡಿಯಲ್ಲಿ ಎಲ್ಲರೂ ಕೇಳುವುದು 'ಕಫ್ ಸಿರಪ್'. ನಮಗೆ ಕಫ ಎಂಬ ಪದ ಮೊದಲೇ ಇದೆ, ಕೆಮ್ಮಿಗೂ ಕಫಕ್ಕೂ ನಂಟೂ ಇದೆ, ಹಾಗಾಗಿ ಅದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ಕಫ್ ಎಂದರೆ ಅಂಗಿ ತೋಳಿನ ತುದಿಯ ಪಟ್ಟಿ. ಸರಿಯಾದ ಉಚ್ಚಾರಕ್ಕೆ ಇಂಗ್ಲಿಷಿನವರು ಕಾಫಿ ಎನ್ನುವುದನ್ನು ಕೇಳಿ, ಕೊನೆಯ ಇ ಬಿಟ್ಟುಬಿಡಿ. ಸ್ವರ ಡಾಕ್ಟರ್ ಪದದ್ದು, ಬಾಲ್‌ನಷ್ಟು ಉದ್ದವಿಲ್ಲ.

ಟ್ರಾಫ್ ಕೂಡ ಹೀಗೆಯೇ ಟ್ರಫ್ ಆಗಿಬಿಡುತ್ತದೆ. ದನಗಳಿಗೆ ನೀರು, ಮೇವು ಇಡುವ ಬಾನಿ ಅದರ ಮೂಲ ಅರ್ಥ. ಮಳೆಗಾಲದ ಹವಾಮಾನ ವರದಿಗಳಲ್ಲಿ ಕರ್ನಾಟಕ, ಕೇರಳದ ಕರಾವಳಿಗುಂಟ ಇದೆಯೆಂದು ಹೇಳುವ ಟ್ರಾಫ್ ಇದೇ ಪದ. ಅಲ್ಲಿ ಅದು ಕಡಿಮೆ ಒತ್ತಡದ ಉದ್ದನೆಯ ಪಟ್ಟಿ.

ಒಮ್ಮೆ ಮೂಲ ಪದದ ಉಚ್ಚಾರ ಗೊತ್ತಾದರೆ ಅದರಿಂದ ಹುಟ್ಟಿದ ಪದಗಳಿಗೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ರಫ್ ಇದ್ದಂತೆ ರಫ್ಲಿ, ಟಫ್ ಇದ್ದಂತೆ ಟಫನ್, ಥ್ರೂ ಇದ್ದಂತೆ ಥ್ರೂಔಟ್ ಮತ್ತು ಬ್ರೇಕ್‌ಥ್ರೂ, ಥಾಟ್ ಇದ್ದಂತೆ ಥಾಟ್‌ಫುಲ್, ಡೋ ಇದ್ದಂತೆ ಡೋನಟ್. ಮುಂದೆ ಹಿಂದೆ ಏನು ಸೇರಿದರೂ ನಡುವಿನ ಉಚ್ಚಾರ ಅಲುಗುವುದಿಲ್ಲ. ಇಪ್ಪತ್ತು ಪದಗಳ ಶ್ರಮಕ್ಕೆ ಹತ್ತಾರು ಪದ ದಕ್ಕುವುದು ಇದರಿಂದಲೇ.

ಟಫ್‌ನಿಂದ ಥರೋವರೆಗೆ: ಒಂದೊಂದು ಅಕ್ಷರದ ಮೆಟ್ಟಿಲು

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವ ಪದಗಳನ್ನು ಒಂದರ ಕೆಳಗೊಂದು ಬರೆಯಿರಿ. ಟಿ ಮತ್ತು ಗುಂಪು, ಟಫ್. ಟಿ-ಎಚ್ ಮತ್ತು ಗುಂಪು, ದೋ. ಟಿ-ಎಚ್-ಆರ್ ಮತ್ತು ಗುಂಪು, ಥ್ರೂ. ಟಿ-ಎಚ್-ಓ-ಆರ್ ಮತ್ತು ಗುಂಪು, ಥರೋ. ಪ್ರತಿ ಸಾಲಿಗೂ ಒಂದೇ ಅಕ್ಷರ ಹೆಚ್ಚು. ಈಗ ದೋ ಇರುವ ಸಾಲಿನ ಬಲತುದಿಗೆ ಒಂದು ಟಿ ಹಾಕಿ, ಥಾಟ್ ಆಯಿತು. ಥ್ರೂ ಸಾಲಿನ ಮೊದಲ ಎಚ್ ಅಳಿಸಿ, ಟ್ರಾಫ್ ಆಯಿತು.

ಟೈಪ್ ಮಾಡುವಾಗ ಒಂದು ಅಕ್ಷರ ಜಾರಿದರೂ ಇನ್ನೊಂದು ಸರಿಯಾದ ಪದವೇ ಆಗುತ್ತದೆ, ಹಾಗಾಗಿ ಫೋನಿನ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ. ಕಚೇರಿ ಪತ್ರಗಳಲ್ಲಿ ಬ್ಯಾಂಕಿನ 'ಮೂಲಕ' ಕಳಿಸಿದ್ದೇವೆ ಎನ್ನುವಲ್ಲಿ ಬ್ಯಾಂಕಿನ 'ಬಾನಿ' ಎಂದು ಬಿದ್ದಿರುತ್ತದೆ. ಕಳಿಸುವ ಮುನ್ನ ಟಿಯಿಂದ ಶುರುವಾಗುವ, ಗುಂಪು ಇರುವ ಪದಗಳನ್ನಷ್ಟೇ ಬೆರಳಿಟ್ಟು ಓದಿದರೆ ಸಾಕು.

ಮೆಟ್ಟಿಲಿನಲ್ಲಿ ಕಾಣದ ಎರಡು ರೂಪಗಳೂ ಉತ್ತರಪತ್ರಿಕೆಯಲ್ಲಿ ಬರುತ್ತವೆ: ಥ್ರೂ ಕೊನೆಗೆ ಟಿ, ಆಲ್‌ದೋ ಕೊನೆಗೆ ಟಿ. ಎರಡೂ ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ. ಥಾಟ್ ಬರೆದು ಬರೆದು ರೂಢಿಯಾದ ಕೈ ಟಿ ಹಾಕಿಬಿಡುತ್ತದೆ. ಆಟ್ ಎಂದು ಕೇಳಿಸದಿದ್ದರೆ ಟಿ ಇಲ್ಲ (ಡ್ರೌಟ್ ಬಿಟ್ಟು) ಎಂಬುದನ್ನು ತಿರುಗಿಸಿ ಹೇಳಿಸಿದರೆ ಇದು ನಿಲ್ಲುತ್ತದೆ.

ಉಚ್ಚಾರದಲ್ಲೂ ಒಂದು ಎಚ್ಚರ ಬೇಕು. ಥ್ರೂ, ಥರೋ, ಥಾಟ್ ಮೂರಕ್ಕೂ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಬರಿಯ ಗಾಳಿ ಹೊರಡುತ್ತದೆ. ದೋ, ಆಲ್‌ದೋ ಎರಡಕ್ಕೆ ಅದೇ ಜಾಗದಲ್ಲಿ ಗಂಟಲು ಕಂಪಿಸುತ್ತದೆ. ಕುತ್ತಿಗೆ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ. ದೋ ಪದವನ್ನು ಥೋ ಎಂದರೆ ಕೇಳುವವರಿಗೆ ಯಾವ ಪದವೆಂದೇ ಹೊಳೆಯುವುದಿಲ್ಲ. ಥರೋ ಮತ್ತು ಥ್ರೂ ಮೂಲದಲ್ಲಿ ಒಂದೇ ಪದ, ಒತ್ತಿ ಹೇಳಿದ ರೂಪ ಥರೋ ಆಗಿ ಬೇರೆ ನಿಂತಿತು. ಒಂದು ಕೆಲಸದ ಈ ತುದಿಯಿಂದ ಆ ತುದಿಯವರೆಗೆ ಹಾದುಹೋದದ್ದು ಥರೋ ಎಂದು ಹೇಳಿಕೊಟ್ಟರೆ ಅರ್ಥ ಮನಸ್ಸಿನಲ್ಲಿ ನಿಲ್ಲುತ್ತದೆ.

ಮಕ್ಕಳಿಗೆ ಕಲಿಸುವುದಾದರೆ

ಅಕಾರಾದಿಯಾಗಿ ಪಟ್ಟಿ ಕೊಟ್ಟು ಹತ್ತು ಸಲ ಬರೆಯಿರಿ ಎನ್ನುವುದು ಅತ್ಯಂತ ಕೆಟ್ಟ ವಿಧಾನ. ಒಂದೇ ರೂಪದ, ಬೇರೆ ಬೇರೆ ಉಚ್ಚಾರದ ಪದಗಳು ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ಅಳಿಸುತ್ತ ಹೋಗುತ್ತದೆ. ಮೇಲಿನ ಮೆಟ್ಟಿಲು ಕೂಡ ಮೊದಲ ಪಾಠಕ್ಕೆ ಅಲ್ಲ. ಪ್ರತಿಯೊಂದು ಪದ ಬೇರೆಯಾಗಿ ಗಟ್ಟಿಯಾದ ಮೇಲೆ ಹೋಲಿಕೆಗೆ ತರಬೇಕು.

ಐದನೇ ತರಗತಿಯಿಂದ ಮೇಲಿನವರಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ವಾರ 'ಆಟ್' ಆರು ಪದಗಳು ಮತ್ತು ಅವುಗಳ ಮೂಲ ಕ್ರಿಯಾಪದಗಳು. ಎರಡನೇ ವಾರ ಇನಫ್, ರಫ್, ಟಫ್, ಜತೆಗೆ ಕಾಫ್. ಮೂರನೇ ವಾರ ಥ್ರೂ ಒಂದೇ, ಬೇಕಾದರೆ ಥ್ರೂಔಟ್ ಸೇರಲಿ. ಇಡೀ ಗುಂಪಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಅದು, ಅದಕ್ಕೆ ಒಂದು ವಾರ ಕೊಡುವುದು ದುಂದಲ್ಲ. ನಾಲ್ಕನೇ ವಾರ ದೋ ಮತ್ತು ಆಲ್‌ದೋ. ಇಷ್ಟಕ್ಕೆ ಹದಿಮೂರು ಮುಖ್ಯ ಪದಗಳು ಮುಗಿದವು. ಆಮೇಲೆ ಥರೋ, ಪ್ಲೌ, ಡ್ರೌಟ್, ಡೋ, ಟ್ರಾಫ್, ಬರೋ. ಇವು ವಾರಕ್ಕೆ ಎರಡರಂತೆ ಬರಲಿ, ಮೆಟ್ಟಿಲು ಹತ್ತಿಸುವ ಕೆಲಸವನ್ನೂ ಆಗಲೇ ಮಾಡಿ.

ಕಾರ್ಡು ಮಾಡಲು ಹಳೆಯ ಲಗ್ನಪತ್ರಿಕೆಗಳು ಚೆನ್ನಾಗಿರುತ್ತವೆ, ದಪ್ಪ ಕಾಗದ, ಹಿಂಬದಿ ಖಾಲಿ. ಒಂದನ್ನು ನಾಲ್ಕು ತುಂಡು ಮಾಡಿ. ಬಿಳಿ ಕಡೆ ಪೂರ್ತಿ ಪದ ಬರೆಯಿರಿ. ಎಲ್ಲದರಲ್ಲೂ ಒಂದೇ ಆಗಿರುವ ಗುಂಪನ್ನು ಪೆನ್ಸಿಲಿನಲ್ಲಿ, ಉಳಿದ ಅಕ್ಷರಗಳನ್ನು ಕೆಂಪು ಶಾಯಿಯಲ್ಲಿ. ಅನೇಕರು ಇದಕ್ಕೆ ತಿರುಗಾಮುರುಗಾ ಮಾಡಿ ಗುಂಪನ್ನೇ ಎದ್ದು ಕಾಣುವಂತೆ ಬರೆಯುತ್ತಾರೆ, ಆಗ ಎಲ್ಲ ಕಾರ್ಡೂ ಒಂದೇ ತರಹ ಕಾಣುತ್ತದೆ. ಕಣ್ಣು ಹೋಗಬೇಕಾದದ್ದು ಬೇರೆಯಾಗಿರುವ ಅಕ್ಷರಗಳ ಕಡೆಗೆ. ಇನ್ನೊಂದು ಬದಿಗೆ ಬಿಳಿ ಚೀಟಿ ಅಂಟಿಸಿ ಕನ್ನಡ ಲಿಪಿಯಲ್ಲಿ ಉಚ್ಚಾರ, ಅರ್ಥ ಬರೆಯಿರಿ.

ಡಿಕ್ಟೇಶನ್ ಕೊಡುವಾಗ ಬಿಡಿ ಪದ ಹೇಳಬೇಡಿ. ಥ್ರೂ ಎಂದಷ್ಟೇ ಹೇಳಿದರೆ 'ಎಸೆದರು' ಎಂಬ ಅರ್ಥದ, ಇ-ಡಬ್ಲ್ಯೂನಲ್ಲಿ ಮುಗಿಯುವ ಥ್ರೂ ಬರೆದ ಮಗುವಿಗೆ ತಪ್ಪು ಹಾಕಲು ಆಗುವುದಿಲ್ಲ. ಬೌ, ಡೋ ಕೂಡ ಹೀಗೆ ಇನ್ನೊಂದು ಪದದ ಜತೆ ಉಚ್ಚಾರ ಹಂಚಿಕೊಂಡಿವೆ. ವಾಕ್ಯ ಕೊಡಿ. ಕೊನೆಯ ಪರೀಕ್ಷೆಗೆ ಈ ವಾಕ್ಯ ಚೆನ್ನಾಗಿ ಒಪ್ಪುತ್ತದೆ: 'ದೋ ದ ಸಾಯಿಲ್ ವಾಸ್ ಟಫ್ ಆಫ್ಟರ್ ದ ಡ್ರೌಟ್, ವಿ ಬ್ರಾಟ್ ದ ಪ್ಲೌ ಥ್ರೂ.' ಬರ ಬಂದು ಮಣ್ಣು ಗಟ್ಟಿಯಾಗಿದ್ದರೂ ನೇಗಿಲು ಹಾಯಿಸಿದೆವು ಎಂದು ಅರ್ಥ. ಗುಂಪು ಇರುವ ಪದ ಆರು, ಯಾವ ಎರಡೂ ಪ್ರಾಸವಾಗುವುದಿಲ್ಲ. ಆರನ್ನೂ ಸರಿ ಬರೆದು, ತಿರುಗಿ ಸರಿಯಾಗಿ ಓದಿದರೆ ಆ ಮಗು ದಾಟಿತು ಎಂದು ತಿಳಿಯಬಹುದು.

ಹೀಗೇಕೆ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ಇದೆ, 'ಇಂಗ್ಲಿಷ್ ಹಾಗೇ' ಎಂದು ಬಾಯಿ ಮುಚ್ಚಿಸಬೇಡಿ. ಈ ಜಿ-ಎಚ್ ಒಂದು ಕಾಲದಲ್ಲಿ ಗಂಟಲಿನಿಂದ ಉಜ್ಜಿ ಬರುವ ಒಂದು ವ್ಯಂಜನವಾಗಿತ್ತು, ಉರ್ದುವಿನ 'ಖುದಾ' ಪದದ ಶುರುವಿನಲ್ಲಿ ಕೇಳುವಂಥದ್ದು. ಅದು ಕಾಲಕ್ರಮದಲ್ಲಿ ಕೆಲವು ಪದಗಳಲ್ಲಿ ಫ್ ಆಯಿತು, ಕೆಲವದರಲ್ಲಿ ಪೂರ್ತಿ ಬಿದ್ದುಹೋಯಿತು. ಸ್ವರಗಳೂ ಅದೇ ಕಾಲದಲ್ಲಿ ಬದಲಾಗುತ್ತಿದ್ದವು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಮುಂದೆ ಅಚ್ಚಿನಿಂದಾಗಿ ಬರಹ ನಿಧಾನವಾಗಿ ನೆಲೆಗೊಂಡಿತು, ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ನಮ್ಮಲ್ಲಿ ಹಳಗನ್ನಡದ 'ಏೞು' ಪದದ ಉಚ್ಚಾರ ಹೋದಾಗ ಅಕ್ಷರವೂ ಹೋಗಿ 'ಏಳು' ಆಯಿತು. ಇಂಗ್ಲಿಷ್‌ನಲ್ಲಿ ಉಚ್ಚಾರ ಹೋದರೂ ಅಕ್ಷರ ಉಳಿದುಕೊಂಡಿತು.

ಅಮೆರಿಕದ ರೂಪಗಳು, ಡ್ರಾಫ್ಟ್ ಎಂಬ ಇನ್ನೊಂದು ಮೋಸ

1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲ್ಲಿಂಗನ್ನು ಸರ್ಕಾರಿ ಮುದ್ರಣದಲ್ಲಿ ಬಳಸುವಂತೆ ಆದೇಶಿಸಿದರು. ದೋ, ಥ್ರೂ, ಥರೋ ಮೂರರ ಚಿಕ್ಕ ರೂಪಗಳೂ ಅದರಲ್ಲಿದ್ದವು. ಅಲ್ಲಿನ ಸಂಸತ್ತು ವಿರೋಧಿಸಿತು, ಆದೇಶ ಅದೇ ವರ್ಷ ಬಿದ್ದುಹೋಯಿತು. ಟಿ-ಎಚ್-ಆರ್-ಯು ಎಂಬ ರೂಪ ಇಂದು ಡ್ರೈವ್-ಥ್ರೂ ಹೋಟೆಲುಗಳ ಬೋರ್ಡಿನಲ್ಲಿ ಕಾಣುತ್ತದೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಅದನ್ನು ಬರೆಯಬಾರದು.

ಅಮೆರಿಕದಲ್ಲಿ ನಿಜವಾಗಿ ನೆಲೆನಿಂತ ಬದಲಾವಣೆ ಪ್ಲೌ: ಅಲ್ಲಿ ಪಿ-ಎಲ್-ಓ-ಡಬ್ಲ್ಯೂ. ನಮ್ಮ ಶಾಲೆಗಳಲ್ಲಿ ನಡೆಯುವುದು ಬ್ರಿಟಿಷ್ ರೂಪ. ಗುಂಪು ಇರುವ ಪ್ಲೌ ಬರೆದಾಗ ಫೋನು ಕೆಂಪು ಗೆರೆ ಎಳೆದರೆ ಕೀಬೋರ್ಡಿನ ಭಾಷೆ ಅಮೆರಿಕನ್ ಇಂಗ್ಲಿಷ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿಕೊಳ್ಳಿ. ಬಿಕ್ಕಳಿಕೆಗೆ ಹಿಕಪ್ ಎನ್ನುವ ಪದವನ್ನು ಹಿಂದೆ ಗುಂಪು ಹಾಕಿಯೂ ಬರೆಯುತ್ತಿದ್ದರು. ಈಗ ಎರಡೂ ದೇಶಗಳಲ್ಲಿ ಯು-ಪಿ ರೂಪವೇ ವಾಡಿಕೆ, ಅದನ್ನೇ ಬಳಸಿ.

ಡ್ರೌಟ್ ಪದದ ಓ ತೆಗೆದು ಎ ಹಾಕಿದರೆ ಪದವೇ ಬೇರೆ, ಉಚ್ಚಾರ ಡ್ರಾಫ್ಟ್. ಕೃಷಿ, ಪಶುಪಾಲನೆ ಓದುವವರು ಇದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು. ಹಳ್ಳಿಕಾರ್, ಅಮೃತಮಹಲ್ ದನಗಳನ್ನು ಇಂಗ್ಲಿಷ್ ಪುಸ್ತಕಗಳು ಡ್ರಾಫ್ಟ್ ತಳಿ, ಅಂದರೆ ಉಳುಮೆಗೂ ಗಾಡಿಗೂ ಆಗುವ ತಳಿ ಎನ್ನುತ್ತವೆ. ಒಂದೇ ಅಕ್ಷರ ತಪ್ಪಾಗಿ ಓದಿದರೆ ಅದು 'ಬರದ ತಳಿ' ಆಗುತ್ತದೆ. ಎ-ಯು-ಜಿ-ಎಚ್ ಇದ್ದು ಫ್ ಎನ್ನುವ ಸಾಮಾನ್ಯ ಪದಗಳು ಡ್ರಾಫ್ಟ್, ಲಾಫ್ (ನಗು) ಮತ್ತು ಅದರಿಂದಾದ ಲಾಫ್ಟರ್. ಡಾಟರ್, ನಾಟಿ, ಸ್ಲಾಟರ್ ಎಲ್ಲದರಲ್ಲೂ ಜಿ-ಎಚ್ ಮೌನ.

ಓದುವಾಗ ಗುರುತು ಹಿಡಿದರೆ ಸಾಕಾಗುವವು

ಫರ್ಲೋ ಎಂದರೆ ರಜೆ. ಕೈದಿಗಳ ಪೆರೋಲ್ ಜತೆಗೆ ಪತ್ರಿಕೆಗಳಲ್ಲಿ ಬರುತ್ತದೆ, ಉಚ್ಚಾರ ಡೋ ಸಾಲಿನದು. ಎಸ್-ಎಲ್ ಮತ್ತು ಗುಂಪು ಸೇರಿದರೆ ಎರಡು ಪದ: ಹಾವು ಪೊರೆ ಬಿಡುವುದಕ್ಕೆ ಸ್ಲಫ್, ಕೆಸರುಗುಂಡಿಗೆ ಬ್ರಿಟನ್ನಿನಲ್ಲಿ ಸ್ಲೌ. ಐರ್ಲೆಂಡಿನಲ್ಲಿ ಎಲ್ ಮತ್ತು ಗುಂಪು ಎಂದರೆ ಸರೋವರ. ಅಲ್ಲಿ ಇಂದಿಗೂ ಲಾಖ್ ಎಂದು ಆ ಹಳೆಯ ಗಂಟಲಿನ ವ್ಯಂಜನ ಕೇಳುತ್ತದೆ, ಉಳಿದವರು ಲಾಕ್ ಎನ್ನುತ್ತಾರೆ.

ಊರ ಹೆಸರುಗಳಿಗೆ ಮೇಲಿನ ಯಾವ ಗುಡ್ಡೆಯನ್ನೂ ನಂಬಬೇಡಿ. ಲಂಡನ್ನಿನ ಪಶ್ಚಿಮಕ್ಕಿರುವ ಊರು ಸ್ಲೌ. ಇಂಗ್ಲೆಂಡಿನ ಲಫ್‌ಬರ ಊರಿನ ಹೆಸರಲ್ಲಿ ಗುಂಪು ಎರಡು ಸಲ ಬರುತ್ತದೆ, ಮೊದಲನೆಯದು ಅಫ್, ಎರಡನೆಯದು ಸಡಿಲವಾದ ಅ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಸಂದರ್ಶನಕ್ಕೆ ಮುಂಚೆ ಆ ಹೆಸರನ್ನು ಹೇಳಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಮಿಡಲ್ಸ್‌ಬ್ರ ಎಂಬ ಊರಿನ ಸ್ಪೆಲ್ಲಿಂಗಿನಲ್ಲಿ ಬಿ ಮತ್ತು ಆರ್ ನಡುವೆ ಓ ಇಲ್ಲ, ವಿಳಾಸ ಬರೆಯುವಾಗ ಬಹಳ ಜನ ಅಲ್ಲಿ ಒಂದು ಓ ಸೇರಿಸಿಬಿಡುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಪಿ ಮತ್ತು ಗುಂಪಿನಿಂದ ಶುರುವಾಗುವ ಊರಿನ ಹೆಸರು ಪಕಿಪ್ಸಿ.

ಇನ್ನೂ ಹೆಚ್ಚು ಪದ ಬೇಕಿದ್ದರೆ ಒನ್‌ಲುಕ್ ತರಹದ ನಿಘಂಟು ಜಾಲತಾಣದಲ್ಲಿ ಗುಂಪಿನ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ಬರೀ ಎಡಕ್ಕೆ ಹಾಕಿದರೆ ಗುಂಪಿನಲ್ಲಿ ಮುಗಿಯುವ ಪದಗಳಷ್ಟೇ ಬರುತ್ತವೆ, ಥಾಟ್ ಬರುವುದಿಲ್ಲ. ಬಂದ ಪಟ್ಟಿಯಲ್ಲಿ ಹೊಸ ಪದ ಕಂಡರೆ ಅದರೊಳಗೆ ಮೇಲಿನ ಯಾವುದಾದರೂ ಮೂಲ ಪದ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಊಹಿಸದೆ ನಿಘಂಟಿನ ಧ್ವನಿ ಗುಂಡಿ ಒತ್ತಿ ಕೇಳಿ, ಬ್ರಿಟಿಷ್ ಮತ್ತು ಅಮೆರಿಕನ್ ಎರಡನ್ನೂ.